ರಜೆಗೆ ಓದೋ ಲಿಸ್ಟಲ್ಲಿರೋ ಆ ಪುಸ್ತಕದ ಬಗ್ಗೆ ಸ್ಪಷ್ಟನೆ

ಬೇಸಿಗೆ ರಜೆಗೆ ಆಟಿಸಂ (ಬೇರೆಯವರ ಜೊತೆ ಬೆರೆಯೋದು, ಮಾತಾಡೋದು ಚಿಕ್ಕಂದಿನಿಂದಲೇ ಬೇರೆ ಥರ ಇರೋ ಸ್ಥಿತಿ) ಬಗ್ಗೆ ಓದೋಕೆ ಅಂತ ಒಂದು ಲಿಸ್ಟು ಫಾರ್ವರ್ಡ್ ಆಗ್ತಾ ಇದೆಯಲ್ಲ, ಅದರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ 'ದಿ ಎಂಪ್ಟಿ ಫೋರ್ಟ್ರೆಸ್' ಸೇರಿಸಿ "ತಾಯಿ ಪ್ರೀತಿ ಕೊಡದಿದ್ರೆ ಮಗುಗೆ ಆಟಿಸಂ ಬರುತ್ತೆ, ಇದರಲ್ಲಿ ಪ್ರೂವ್ ಮಾಡಿದಾರೆ" ಅಂತ ಬೇರೆ ಹಾಕಿದಾರೆ. ಸುಳ್ಳು ಅದು. ಪುಸ್ತಕ ಬಂದಿದ್ದು 1967ರಲ್ಲಿ, ಅದಕ್ಕೂ ಮುಂಚೆನೇ 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನೋ ಸೈಕಾಲಜಿಸ್ಟು (ಅವರ ಮಗನಿಗೂ ಆಟಿಸಂ ಇತ್ತು) ಇದು ತಾಯಂದಿರ ತಪ್ಪಲ್ಲ, ಮಿದುಳಿಗೆ ಸಂಬಂಧಪಟ್ಟಿದ್ದು ಅಂತ ಬರೆದಿದ್ರು, ಆಮೇಲೆ 1977ರಲ್ಲಿ ಸೂಸನ್ ಫೋಲ್‌ಸ್ಟೀನ್, ಮೈಕೆಲ್ ರಟ್ಟರ್ ಅವಳಿ ಮಕ್ಕಳನ್ನ ಸ್ಟಡಿ ಮಾಡಿದಾಗ ತದ್ರೂಪಿ ಅವಳಿಗಳಲ್ಲಿ ಒಬ್ರಿಗಿದ್ರೆ ಇನ್ನೊಬ್ರಿಗೂ ಇರೋ ಚಾನ್ಸು ಬೇರೆ ಅವಳಿಗಳಿಗಿಂತ ಜಾಸ್ತಿ ಅಂತ ಗೊತ್ತಾಯ್ತು, ಅಂದ್ರೆ ವಂಶವಾಹಿಗಳ ಪಾತ್ರ ದೊಡ್ಡದು. ಅಷ್ಟರಲ್ಲಿ ಎಷ್ಟು ಅಮ್ಮಂದಿರು ಈ ಅಪವಾದ ಹೊತ್ಕೊಂಡು ಕೊರಗಿದ್ರೋ ಏನೋ.

ಹಿಂದೆ ಜನ ಏನಂದ್ಕೊಂಡಿದ್ರು ಅಂತ ನೋಡೋಕೆ ಓದ್ತೀರಾ, ಓದಿ. ಆಟಿಸಂ ಅರ್ಥ ಮಾಡ್ಕೊಬೇಕು ಅಂದ್ರೆ ಮಾತ್ರ ಟೆಂಪಲ್ ಗ್ರ್ಯಾಂಡಿನ್ ಅವರ 'ಥಿಂಕಿಂಗ್ ಇನ್ ಪಿಕ್ಚರ್ಸ್' ತಗೊಳ್ಳಿ, ಆಟಿಸಂ ಇರೋರೇ ಬರ್ದಿದ್ದು. ಲಿಸ್ಟು ಕಳಿಸಿದೋರು ದಯವಿಟ್ಟು ಆ ಸಾಲು ತೆಗೆದು ಮತ್ತೆ ಕಳಿಸಿ.