ಮೋಟಾರ್‌ಹೋಮ್ ಫ್ರಿಜ್ ಕೈಕೊಟ್ಟರೆ ಮೊದಲು ಶಾಖ ಹುಡುಕಿ

ಮನೆ ಫ್ರಿಜ್ ನೋಡಿಕೊಂಡು ಬೆಳೆದ ನಮಗೆಲ್ಲ ಒಂದು ಅಭ್ಯಾಸ ಇದೆ. ಫ್ರಿಜ್ ಸರಿ ಇದೆಯಾ ಅಂತ ತಿಳಿಯಬೇಕಾದರೆ ಮೊದಲು ಕಿವಿ ಕೊಡುತ್ತೇವೆ. ಹಿಂದೆ ಮೋಟಾರ್ ಗುಂಯ್ ಅಂದರೆ ಸರಿ, ಇಲ್ಲದಿದ್ದರೆ ಮೆಕ್ಯಾನಿಕ್‌ಗೆ ಫೋನು. ಇಂಗ್ಲೆಂಡಿನಲ್ಲಿ ಹೊಸದಾಗಿ ಮೋಟಾರ್‌ಹೋಮ್ (ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಪ್ರವಾಸದ ಗಾಡಿ) ಕೊಂಡ ನಮ್ಮವರು ನನ್ನ ಹತ್ತಿರ ಹೇಳುವ ಮೊದಲ ಮಾತೂ ಅದೇ: "ಸದ್ದೇ ಇಲ್ಲ ಸಾರ್, ಸತ್ತೇ ಹೋದಂಗಿದೆ." ಸದ್ದು ಇರೋದೇ ಇಲ್ಲ. ಅದರಲ್ಲಿ ಮೋಟಾರೇ ಇಲ್ಲವಲ್ಲ!

ಇದು ಶಾಖದಿಂದ ತಂಪು ಮಾಡುವ ಫ್ರಿಜ್. ಹಿಂಬದಿಯ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಮೂರನ್ನೂ ತುಂಬಿ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕೆಳಗಿನ ಬಾಯ್ಲರ್ ಕಾಯಿಸಿದರೆ ನೀರಿನಿಂದ ಅಮೋನಿಯಾ ಆವಿಯಾಗಿ ಮೇಲೇರುತ್ತದೆ. ಮೇಲೆ ತಣಿದು ದ್ರವವಾಗುತ್ತದೆ. ಆಮೇಲೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ಫ್ರಿಜ್ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕೆಳಗಿಳಿದು ನೀರಿನಲ್ಲಿ ಕರಗಿ ಬಾಯ್ಲರ್‌ಗೆ ವಾಪಸ್. ಪಂಪ್ ಇಲ್ಲ, ಕಂಪ್ರೆಸರ್ ಇಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದದ್ದು. ಮೂಲ ವಿದ್ಯೆ ಇಂದಿಗೂ ಅದೇ.

ಬಾಯ್ಲರ್‌ಗೆ ಶಾಖ ಎಲ್ಲಿಂದ ಬಂತು ಅಂತ ಅಮೋನಿಯಾ ಕೇಳುವುದಿಲ್ಲ. ಗ್ಯಾಸ್ ಜ್ವಾಲೆ ಆಗಬಹುದು, ಮೇನ್ಸ್ ಕರೆಂಟಿನ ಎಲಿಮೆಂಟ್ ಆಗಬಹುದು, ಗಾಡಿಯ 12 ವೋಲ್ಟ್ ಎಲಿಮೆಂಟ್ ಆಗಬಹುದು. ಹಾಗಾಗಿ ಈ ಫ್ರಿಜ್ ತನ್ನ ಕಾಯಿಲೆ ತಾನೇ ಹೇಳುತ್ತದೆ ಅನ್ನೋದು ನನ್ನ ವಾದ. ಕರೆಂಟಿನಲ್ಲಿ ಚೆನ್ನಾಗಿ ತಂಪಾಗಿ ಗ್ಯಾಸಿನಲ್ಲಿ ಆಗದಿದ್ದರೆ ತಂಪು ಮಾಡುವ ಭಾಗ ಗಟ್ಟಿಮುಟ್ಟಾಗಿದೆ, ತೊಂದರೆ ಗ್ಯಾಸ್ ಕಡೆ. ಗ್ಯಾಸಿನಲ್ಲಿ ಸರಿ, ಕರೆಂಟಿನಲ್ಲಿ ಇಲ್ಲ ಅಂದರೆ ಎಲಿಮೆಂಟ್, ಫ್ಯೂಸ್, ವೈರ್ ನೋಡಿ. ಎಲ್ಲದರಲ್ಲೂ ಬಾಯ್ಲರ್ ಬಿಸಿಯಾಗಿ, ಒಳಗೆ ಮಾತ್ರ ತಂಪೇ ಇಲ್ಲದಿದ್ದರೆ ಆಗ ಚಿಂತೆ ಮಾಡಿ. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡದೆ ಜನ ಬಿಡಿಭಾಗ ಬದಲಿಸುವುದಕ್ಕೆ ಹೊರಡುತ್ತಾರೆ.

ಅಮೆರಿಕದಲ್ಲಿರುವ ಗೆಳೆಯನೊಬ್ಬನಿಗೂ ನನಗೂ ಇದರ ಬಗ್ಗೆ ಯಾವಾಗಲೂ ಜಟಾಪಟಿ. ಅವನ ಗಾಡಿ ದೊಡ್ಡದು, ಫ್ರಿಜ್ಜೂ ದೊಡ್ಡದು. 120 ವೋಲ್ಟ್ ಇದ್ದರೆ ಕರೆಂಟಿನಲ್ಲಿ ಓಡುತ್ತದೆ, ಪ್ಲಗ್ ಕಿತ್ತರೆ ತಾನೇ ಗ್ಯಾಸ್ ಹಚ್ಚಿಕೊಳ್ಳುತ್ತದೆ. ಎಲ್ಲಾ ನಿರ್ಧಾರ ಒಂದು ಸರ್ಕ್ಯೂಟ್ ಬೋರ್ಡಿನದು. ನನ್ನದು ಹಳೇ ಬಗೆಯದು. ಗ್ಯಾಸೋ ಕರೆಂಟೋ ಅಂತ ಗುಂಡಿ ತಿರುಗಿಸಿ ನಾನೇ ಹೇಳಬೇಕು. ಗ್ಯಾಸ್ ಗುಂಡಿ ಒತ್ತಿಹಿಡಿದು ಟಕ್ ಟಕ್ ಅಂತ ಕಿಡಿ ಹಾರಿಸಿ, ಒಳಗಿನ ಪುಟ್ಟ ಗಾಜಿನಲ್ಲಿ ನೀಲಿ ಕಂಡಿತಾ ಅಂತ ಬಗ್ಗಿ ನೋಡಬೇಕು. ಬೆನ್ನಿಗೆ ಕಷ್ಟ ನಿಜ. ಆದರೆ ಎಲ್ಲಿ ನಿಂತಿತು ಅನ್ನೋದು ಕಣ್ಣೆದುರೇ ಇರುತ್ತದೆ. ಕಿಡಿಯೇ ಇಲ್ಲವಾ? ಕಿಡಿ ಇದೆ, ಗ್ಯಾಸ್ ಇಲ್ಲವಾ? ಹತ್ತಿಕೊಂಡು, ಗುಂಡಿ ಬಿಟ್ಟ ಕೂಡಲೇ ಆರಿತಾ? ಕೊನೆಯದಾದರೆ ಅನುಮಾನ ಥರ್ಮೋಕಪಲ್ ಮೇಲೆ. ಅದರ ತುದಿ ಜ್ವಾಲೆಯಲ್ಲಿ ಕಾಯ್ದರೆ ಕೆಲವೇ ಮಿಲಿವೋಲ್ಟ್ ಹುಟ್ಟುತ್ತದೆ. ಗ್ಯಾಸ್ ವಾಲ್ವ್ ತೆರೆದಿರುವುದು ಅದರ ಬಲದಲ್ಲೇ. ತುದಿಗೆ ಮಸಿ ಕೂತರೆ, ಜಾಗ ಸರಿದರೆ, ಹಿಂದಿನ ನಟ್ ಸಡಿಲವಾದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ.

ಗೆಳೆಯನ ಫ್ರಿಜ್‌ಗೆ ಇಂಥ ಮಾತುಕತೆ ಇಲ್ಲ. ಕೆಲವು ಸಲ ಪ್ರಯತ್ನಿಸಿ ಕೆಂಪು ದೀಪ ಹಾಕಿ ಸುಮ್ಮನಾಗುತ್ತದೆ. ಒಮ್ಮೆ ಅವನ ಫೋನ್ ಬಂತು. "ಬೋರ್ಡ್ ಹೋಗಿದೆ ಅಂತಿದಾನೆ ಮೆಕ್ಯಾನಿಕ್ ಮಾರಾಯ, ಬದಲಿಸಿಬಿಡ್ಲಾ?" "ಕರೆಂಟಲ್ಲಿ ತಂಪಾಗ್ತಿದೆಯೇನೋ?" ಅಂದೆ. ಆಗ್ತಿತ್ತು. "ಹಾಗಾದ್ರೆ ಮೊದಲು ಹೊರಗಡೆ ಜಾಲರಿ ಬಿಚ್ಚಿ ಬರ್ನರ್ ನೋಡು. ಬೋರ್ಡು ಎಲ್ಲೂ ಓಡಿಹೋಗಲ್ಲ."

ಆ ಜಾಲರಿಯ ಹಿಂದಿನ ಜಾಗವನ್ನು ಪ್ರತಿಯೊಬ್ಬ ಮಾಲೀಕರೂ ಒಮ್ಮೆ ನೋಡಬೇಕು. ಸಿಲಿಂಡರ್ ಬಂದ್ ಮಾಡಿ, ಕರೆಂಟ್ ಕಿತ್ತು, ಎಲ್ಲ ಆರುವ ತನಕ ಕಾಯ್ದು ತಗಡಿನ ಮುಚ್ಚಳದ ಸ್ಕ್ರೂ ತೆಗೆದರೆ ಬೆರಳು ಗಾತ್ರದ ಬರ್ನರ್ ಕಾಣುತ್ತದೆ. ಅದರ ಮೇಲೆ ಸಾಲಾಗಿ ಸಣ್ಣ ಸೀಳುಗಳು. ನೇರ ಮೇಲೆ ಹೊಗೆ ಕೊಳವೆ. ಆ ಕೊಳವೆಯ ಒಳಗೋಡೆ ವರ್ಷಗಟ್ಟಲೆ ಕಾಯ್ದು, ತಣಿದು, ತುಕ್ಕು ಹಿಡಿದು, ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಗಾಡಿ ಗುಂಡಿಗೆ ಬಿದ್ದಾಗಲೆಲ್ಲ ಇನ್ನಷ್ಟು. ಎಲ್ಲವೂ ಬಂದು ಬೀಳುವುದು ಬರ್ನರ್ ನೆತ್ತಿಯ ಮೇಲೇ. ಸೀಳುಗಳು ಅರ್ಧ ಮುಚ್ಚುತ್ತವೆ, ಜ್ವಾಲೆ ನೀಲಿ ಬಿಟ್ಟು ಹಳದಿಯಾಗುತ್ತದೆ, ಹಳದಿಯಾದರೆ ಮಸಿ, ಮಸಿಯಾದರೆ ಶಾಖ ಕಡಿಮೆ. ಕಿಡಿ ಹಾರುವ ಕಡ್ಡಿಗೂ ಬರ್ನರ್‌ಗೂ ನಡುವೆ ಒಂದು ಚಕ್ಕೆ ಸಿಕ್ಕಿಕೊಂಡರೆ ಕಿಡಿ ದಾರಿ ತಪ್ಪುತ್ತದೆ. ಗೆಳೆಯನ ಬೋರ್ಡಿನ ಕಾಯಿಲೆ ಇದೇ ಆಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹೋಯಿತು.

ಜೇಡಕ್ಕೆ ಈ ಜಾಗ ಯಾಕಿಷ್ಟ ಅಂತ ಆ ದೇವರಿಗೇ ಗೊತ್ತು. ಗಾಡಿ ತಿಂಗಳುಗಟ್ಟಲೆ ನಿಂತರೆ ಬರ್ನರ್ ಕೊಳವೆಯೊಳಗೆ ಬಲೆ ಗ್ಯಾರಂಟಿ. ಹಿಂದೆ ಇರುವ, ಗ್ಯಾಸ್ ಚಿಮ್ಮುವ ಜೆಟ್‌ನ ತೂತು ಕೂದಲೆಳೆಯಷ್ಟೇ. ಅದಕ್ಕೆ ಸೂಜಿ ಹಾಕಬಾರದು. ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಬಂದು ಜ್ವಾಲೆ ಕೆಡುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿ ಗಾಳಿ ಊದಬಹುದು, ಇಲ್ಲವೇ ಹೊಸದು ಹಾಕಿಸಬಹುದು. ಗ್ಯಾಸ್ ಪೈಪಿನ ಜಾಯಿಂಟ್ ಬಿಚ್ಚಬೇಕಾದ ಯಾವ ಕೆಲಸವನ್ನೂ ನಾನು ಮುಟ್ಟುವುದಿಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಗ್ಯಾಸ್ ಸೇಫ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರಿದ್ದಾರೆ. ಬಿಚ್ಚಿ ಕಟ್ಟಿದ ಮೇಲೆ ಸೋರಿಕೆ ಪರೀಕ್ಷೆ ಆಗಲೇಬೇಕು. ಇಲ್ಲಿ ವರ್ಷಕ್ಕೊಮ್ಮೆ ಹ್ಯಾಬಿಟೇಶನ್ ಸರ್ವಿಸ್ (ಗಾಡಿಯ ವಾಸದ ಭಾಗದ ತಪಾಸಣೆ) ಮಾಡಿಸುವ ರೂಢಿ ಒಳ್ಳೆಯದು. ಆದರೆ ಫ್ರಿಜ್ ಬರ್ನರ್ ಬಿಚ್ಚಿ ತೊಳೆಯುವುದು ಅದರಲ್ಲಿ ಸೇರಿದೆಯಾ ಅಂತ ಕೇಳಿಕೊಳ್ಳಿ. ಎಷ್ಟೋ ಕಡೆ ಅದು ಬೇರೆ ಕೆಲಸ.

ಚಳಿಗಾಲದಲ್ಲಿ ಗ್ಯಾಸ್ ಹತ್ತದಿದ್ದರೆ ಸಿಲಿಂಡರ್ ಯಾವುದು ನೋಡಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಸೈ. ಸಿಲಿಂಡರ್ ಬದಲಿಸಿದ ಹೊಸದರಲ್ಲಿ ಪೈಪಿನಲ್ಲಿ ಗಾಳಿ ಇರುತ್ತದೆ, ಹಲವು ಸಲ ಹಚ್ಚಬೇಕಾಗುತ್ತದೆ. ಯೂರೋಪಿನ ಆಟೋಮ್ಯಾಟಿಕ್ ಫ್ರಿಜ್‌ಗಳಲ್ಲಿ ಎಂಜಿನ್ ಆರಿಸಿದ ಮೇಲೆ ಸುಮಾರು 15 ನಿಮಿಷ ಗ್ಯಾಸ್ ಹತ್ತುವುದೇ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಜ್ವಾಲೆ ಏಳಬಾರದು ಅಂತ ಬೇಕೆಂದೇ ಇಟ್ಟ ಗಡುವು. ಅದನ್ನು ಕೆಟ್ಟಿದೆ ಅಂದುಕೊಂಡು ಬೈದವರನ್ನು ಬಲ್ಲೆ.

ಕರೆಂಟ್ ಕಡೆಯ ತನಿಖೆ ಇನ್ನೂ ಸಲೀಸು. ಪ್ಲಗ್ ಕಿತ್ತು ಎಲಿಮೆಂಟಿನ ಎರಡು ವೈರ್ ಬಿಡಿಸಿ ಮೀಟರ್ ಹಿಡಿದರೆ ಸಾಕು. 230 ವೋಲ್ಟಿನ 135 ವ್ಯಾಟ್ ಎಲಿಮೆಂಟ್ ಸುಮಾರು 390 ಓಮ್ ತೋರಿಸಬೇಕು. 120 ವೋಲ್ಟಿನ 325 ವ್ಯಾಟಿನದಾದರೆ 44ರ ಆಸುಪಾಸು. ಮೀಟರ್ ಏನೂ ತೋರಿಸದಿದ್ದರೆ ಎಲಿಮೆಂಟ್ ಸುಟ್ಟಿದೆ. ಫ್ರಿಜ್ ಹಾಕಿದಾಗಲೆಲ್ಲ ಟ್ರಿಪ್ ಆಗುತ್ತಿದ್ದರೆ ಎಲಿಮೆಂಟಿಗೆ ತೇವ ಹೋಗಿ ಕರೆಂಟ್ ಅರ್ತ್‌ಗೆ ಸೋರುತ್ತಿರಬಹುದು.

12 ವೋಲ್ಟ್ ಬಗ್ಗೆ ನನಗೆ ಹೆಚ್ಚು ಭರವಸೆ ಇಲ್ಲ. ಅದು ಇರುವುದು ಗಾಡಿ ಓಡುವಾಗ, ಆಗಲೇ ಆದ ತಂಪನ್ನು ಉಳಿಸಿಕೊಳ್ಳುವುದಕ್ಕೆ. 170 ವ್ಯಾಟ್ ಅಂದರೆ 14 ಆಂಪಿಯರ್. ಉದ್ದದ ತೆಳು ವೈರಿನಲ್ಲಿ ವೋಲ್ಟೇಜ್ ಇಳಿದು ಎಲಿಮೆಂಟ್ ಹತ್ತಿರ 10.5 ಮಾತ್ರ ಉಳಿದರೆ ಶಾಖ ಮುಕ್ಕಾಲಿಗೆ ಬರುತ್ತದೆ. ಫ್ರಿಜ್ ಚಾಲೂ ಇಟ್ಟು ಎಲಿಮೆಂಟಿನ ಬುಡದಲ್ಲೇ ಅಳೆಯಬೇಕು, ಬ್ಯಾಟರಿ ಹತ್ತಿರ ಅಲ್ಲ. ಇನ್ನೊಂದು ಮಾತು: ಬೋರ್ಡ್ ಇರುವ ಫ್ರಿಜ್ ಗ್ಯಾಸಿನಲ್ಲಿ ಓಡಲೂ ಸ್ವಲ್ಪ 12 ವೋಲ್ಟ್ ಬೇಕೇ ಬೇಕು. ಬ್ಯಾಟರಿ ಸೋತಿದ್ದರೆ ಗ್ಯಾಸ್ ತುಂಬಿದ್ದರೂ ಫ್ರಿಜ್ ಮೂಕ.

ಶಾಖ ಸರಿಯಾಗಿದೆ, ತಂಪು ಮಾತ್ರ ಸಾಲದು ಅನ್ನುವವರು ಗಾಳಿ ನೋಡಿ, ಮಟ್ಟ ನೋಡಿ. ಕೆಳಗಿನ ಜಾಲರಿಯಿಂದ ತಣ್ಣನೆ ಗಾಳಿ ಒಳಬಂದು ಮೇಲಿನದರಿಂದ ಬಿಸಿ ಗಾಳಿ ಹೊರಹೋಗಬೇಕು. ಬ್ರಿಟನ್ನಿನಲ್ಲಿ ಚಳಿಗೆ ಅಂತ ಜಾಲರಿಗೆ ಮುಚ್ಚಳ ಹಾಕಿ ಬೇಸಿಗೆಯಲ್ಲೂ ಹಾಗೇ ಬಿಟ್ಟು ತಿರುಗುವವರಿಗೆ ಲೆಕ್ಕವಿಲ್ಲ. ಈ ವಿಷಯದಲ್ಲಿ ಗೆಳೆಯನೇ ಮೇಲು. ಮೇಲಿನ ಜಾಲರಿಗೆ ಪುಟ್ಟ 12 ವೋಲ್ಟ್ ಫ್ಯಾನ್ ಕೂರಿಸಿದ್ದಾನೆ, ಒಳಗಿನ ಥರ್ಮಾಮೀಟರನ್ನು ಬಾಗಿಲು ತೆರೆಯದೆ ಓದುತ್ತಾನೆ. ನಾವು ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು "ಇನ್ನೂ ತಂಪಾಗಿಲ್ಲ" ಅನ್ನುತ್ತೇವೆ. ಈ ಫ್ರಿಜ್‌ಗೆ ಗಂಟೆಗಳ ಲೆಕ್ಕ ಸಾಲದು. ಹಿಂದಿನ ರಾತ್ರಿಯೇ ಹಚ್ಚಬೇಕು.

ಮಟ್ಟದ ಮಾತು ಹೊಸಬರಿಗೆ ನಂಬಿಕೆ ಬರುವುದಿಲ್ಲ. ಒಳಗಿನ ದ್ರವ ಇಳಿಯುವುದು ಬರೀ ಇಳಿಜಾರಿನ ಬಲದಿಂದ. ಗಾಡಿ ಓರೆ ನಿಂತರೆ ಎಲ್ಲೋ ಒಂದು ಬಾಗಿನಲ್ಲಿ ದ್ರವ ನಿಂತುಬಿಡುತ್ತದೆ, ಬಾಯ್ಲರ್ ಬರಿದೇ ಕಾಯುತ್ತದೆ. ಹಾಗೆ ಮತ್ತೆ ಮತ್ತೆ ಕಾಯ್ದರೆ ಕೊಳವೆ ತುಕ್ಕು ಹಿಡಿಯದಿರಲಿ ಅಂತ ಬೆರೆಸಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಆಗ ಕೂಲಿಂಗ್ ಯೂನಿಟ್ ಮುಗಿಯಿತು. ಹಾಗಾಗಿ ಫ್ರಿಜ್ ನೆಲದ ಮೇಲೆ ರಸಮಟ್ಟ ಇಟ್ಟು ನೋಡಿ ಗಾಡಿ ನಿಲ್ಲಿಸಿ. ಹಿಂದುಗಡೆ ಹಳದಿ ಪುಡಿ ಕಂಡರೆ, ಮೂಗಿಗೆ ಅಮೋನಿಯಾ ಘಾಟು ಬಡಿದರೆ ಸೋರಿದೆ ಅಂತಲೇ ಅರ್ಥ. ಎಲ್ಲಾ ಬಂದ್ ಮಾಡಿ ಬಾಗಿಲು ಕಿಟಕಿ ತೆರೆದು ಹೊರಬನ್ನಿ. ಫ್ರಿಜ್ ತಲೆಕೆಳಗು ಮಾಡಿಟ್ಟರೆ ಸರಿಹೋಗುತ್ತದೆ ಅನ್ನುವ ಹಳೇ ಉಪಾಯ ಕಟ್ಟಿಕೊಂಡ ಕೊಳವೆಗೆ ಅಪರೂಪಕ್ಕೆ ಫಲಿಸಬಹುದು. ಸೋರಿದ್ದಕ್ಕೆ ಯಾವತ್ತೂ ಇಲ್ಲ.

ಈಗ ಇಲ್ಲೂ ಅಮೆರಿಕದಲ್ಲೂ ಜನ ಇದನ್ನು ಕಿತ್ತು 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಹಾಕಿಸುತ್ತಿದ್ದಾರೆ. ಬೇಗ ತಂಪಾಗುತ್ತದೆ, ಓರೆ ನಿಂತರೂ ಗೊಣಗುವುದಿಲ್ಲ. ಸೋಲಾರ್, ಒಳ್ಳೆ ಲಿಥಿಯಂ ಬ್ಯಾಟರಿ ಇದ್ದರೆ ಹಾಕಿಸಿ, ನನ್ನ ತಕರಾರಿಲ್ಲ. ಆದರೆ ಮೋಡ ಕವಿದ ವಾರದಲ್ಲಿ, ಹುಕ್‌ಅಪ್ (ಗಾಡಿಗೆ ಹೊರಗಿನಿಂದ ಕರೆಂಟ್ ಸಂಪರ್ಕ) ಇಲ್ಲದ ಕಡೆ ನಿಲ್ಲುವವರು ನಾವು. ನನ್ನ ಫ್ರಿಜ್ ದಿನಕ್ಕೆ 300 ಗ್ರಾಂ ಆಸುಪಾಸು ಗ್ಯಾಸ್ ಕುಡಿಯುತ್ತದೆ. 6 ಕೆ.ಜಿ. ಪ್ರೊಪೇನ್ ಸಿಲಿಂಡರ್ ಅದೊಂದಕ್ಕೇ ಆದರೆ ಎರಡು ವಾರಕ್ಕೂ ಜಾಸ್ತಿ ಬರುತ್ತದೆ. ಗೆಳೆಯ ಹೋದ ತಿಂಗಳು ಕಂಪ್ರೆಸರ್ ಹಾಕಿಸಿದ. "ಈಗ ಸದ್ದು ಕೇಳಿಸ್ತದೆ ಕಣೋ, ನೆಮ್ಮದಿಯಾಗಿ ನಿದ್ದೆ ಬರ್ತದೆ" ಅಂತಾನೆ. ನನ್ನದರಲ್ಲಿ ಇನ್ನೂ ಬ್ರಷ್ ಕೆಲಸವೇ.