ಮೌನ 3 ಮತ್ತು ಮಾವನ ಮಿಣಿ

ಕಲಾ ಪ್ರದರ್ಶನದ ಉದ್ಘಾಟನೆಗೆ ಹೋದರೆ ಚಿತ್ರ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತದೆ. ಮೊದಲು ದೀಪ. ಬತ್ತಿ ಹತ್ತುವುದಿಲ್ಲ. ಫ್ಯಾನ್ ಆರಿಸಿ ಅಂತ ಒಬ್ಬರು, ಬೆಂಕಿಪೊಟ್ಟಣ ಎಲ್ಲಿ ಅಂತ ಇನ್ನೊಬ್ಬರು. ಆಮೇಲೆ ಭಾಷಣ. "ನನಗೆ ಕಲೆಯ ಬಗ್ಗೆ ಏನೂ ಗೊತ್ತಿಲ್ಲ" ಎಂದು ಶುರು ಮಾಡುವ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಅದನ್ನೇ ಸಾಬೀತು ಮಾಡುತ್ತಾರೆ. ಕೊನೆಗೆ ಗ್ರೂಪ್ ಫೋಟೊ. ಅಷ್ಟು ತಲೆಗಳ ಹಿಂದೆ ಫ್ರೇಮಿನ ಒಂದು ಮೂಲೆ ಕಂಡರೆ ಅದು ಕಲಾವಿದನ ಪುಣ್ಯ.

ಮೈಸೂರಿನಲ್ಲಿ ಇದಕ್ಕೇನೂ ಬರ ಇಲ್ಲ. ಕಲಾಮಂದಿರದ ಆವರಣದಲ್ಲಿ ಸುಚಿತ್ರಾ ಗ್ಯಾಲರಿ ಇದೆ. ಚಿತ್ರಕಲೆ ಕಲಿಸುವ ಕಾಲೇಜು ಕಾವಾ ಇದೆ. ಕಾವಾದ ಮೂಲವಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಇಟ್ಟವರು ಮುಂದೆ ಐದನೇ ಜಾರ್ಜ್ ಆದ ಇಂಗ್ಲೆಂಡಿನ ಯುವರಾಜ. ಆವತ್ತಿನ ವಂದನಾರ್ಪಣೆ ಎಷ್ಟು ಉದ್ದ ಇತ್ತೋ, ಪಾಪ. ಇವೆರಡು ಸಾಲದು ಅಂತ ಸಣ್ಣಪುಟ್ಟ ಗ್ಯಾಲರಿಗಳೂ ಇವೆ. ಒಂದೇ ಸಂಜೆ ಎರಡು ಮೂರು ಕಡೆ ಆಹ್ವಾನ ಬರುವುದುಂಟು. ನಾವು ಹೋದ ಜಾಗಗಳ ಹೆಸರು ಬೇಡ ಬಿಡಿ, ಮುಂದೆಯೂ ಕರೆಯಬೇಕಲ್ಲ.

ನಾವು ಅಂದರೆ ನಾನು ಮತ್ತು ಮಂಡ್ಯ ಕಡೆಯ ನಮ್ಮ ಸೋದರಮಾವ. ಮದುವೆ ಜವಳಿ ತೆಗೆಯಲು ಬಂದಿದ್ದರು. ಸೀರೆ ಅಂಗಡಿಯಲ್ಲಿ ಹೆಂಗಸರು ಇವರನ್ನು ಸಹಿಸಲಾರದೆ ನನ್ನ ಸ್ಕೂಟರಿನ ಹಿಂದೆ ಕೂರಿಸಿ ಕಳಿಸಿದರು.

ಮೊದಲನೇ ಗ್ಯಾಲರಿಯಲ್ಲಿ ಕತ್ತಲೆ ಕೋಣೆ. ಗೋಡೆ ಮೇಲೆ ವಿಡಿಯೊ, ಅದರಲ್ಲಿ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟೇ. ಮಾವ ಕತ್ತಲೆಗೆ ಹೆದರುವವರಲ್ಲ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಮಬ್ಬುಗತ್ತಲಲ್ಲಿ ನಿಂತು ನೋಡಿದವರು. ಅದು ರವಿವರ್ಮನದ್ದೇ ಅಂತ ಅವರ ಹಟ. ಬರೆದವರು ಹಲ್ದಣಕರ್, ದೀಪ ಹಿಡಿದು ನಿಂತಿದ್ದು ಅವರ ಮಗಳು ಅಂತ ಹೇಳಿದರೆ ನಂಬುವುದಿಲ್ಲ. ಹಾಗಾಗಿ ಇಲ್ಲೂ ದೀಪ ಬರುತ್ತದೇನೋ ಅಂತ ಕಾದರು. ಬರಲಿಲ್ಲ. ಅಷ್ಟರಲ್ಲಿ ಮಗುವಿನ ಚಪ್ಪಲಿ ಹುಡುಕುತ್ತಿದ್ದ ಹೆಂಗಸೊಬ್ಬರು ಟ್ಯೂಬ್‌ಲೈಟ್ ಹಾಕಿಬಿಟ್ಟರು. ನಲ್ಲಿ ಮಾಯವಾಯಿತು. ಚಪ್ಪಲಿ ಸಿಕ್ಕಿತು. "ಸದ್ಯ, ನೀರು ಉಳೀತು," ಅಂದರು ಮಾವ.

ದಾರಿಯಲ್ಲಿ ಅವರಿಗೆ ಬಾಳೆಹಣ್ಣಿನ ಕತೆ ಹೇಳಿದೆ. ಮೌರಿಜಿಯೊ ಕ್ಯಾಟೆಲಾನ್ ಎಂಬ ಇಟಲಿಯವನು 2019ರಲ್ಲಿ ಗೋಡೆಗೆ ಟೇಪು ಹಾಕಿ ಅಂಟಿಸಿದ ಬಾಳೆಹಣ್ಣು 1,20,000 ಡಾಲರಿಗೆ ಹೋಯಿತು. 2024ರ ಹರಾಜಿನಲ್ಲಿ ಅದೇ ಕೃತಿಗೆ 62 ಲಕ್ಷ ಡಾಲರ್. ಕೊಂಡವನು ಹಣ್ಣು ಸುಲಿದು ತಿಂದ.

"ರಸಬಾಳೇನಾ?"

"ಅಲ್ಲ ಮಾವ, ಬೀದಿ ಅಂಗಡೀಲಿ ತಂದ ಮಾಮೂಲಿ ಹಣ್ಣು."

"ನಂಜನಗೂಡಿನ ರಸಬಾಳೆ ಆಗಿದ್ರೆ ಒಂದು ಮಾತು. ಮಾಮೂಲಿಗೆ ಜಾಸ್ತಿ ಆಯ್ತು ಕಣ್ಲಾ."

ಎರಡನೇ ಕಡೆ ಭಾಷಣ ಇನ್ನೂ ನಡೆಯುತ್ತಿತ್ತು. ಹಿಂದಿನ ಮೂಲೆಯಲ್ಲಿ ನಿಜವಾದ ನೇಗಿಲು, ನೊಗ, ಸುತ್ತ ಒಂದಿಷ್ಟು ಮಣ್ಣು. ನೇಗಿಲಿಗೂ ಅದರ ಹಿಡಿಯಾದ ಮೇಣಿಗೂ ಬೆಳ್ಳಿ ಬಣ್ಣ. ಪಕ್ಕದಲ್ಲಿ ಚೀಟಿ: "ಮೌನ 3".

"ಒಂದು, ಎರಡು ಎಲ್ಲವಪ್ಪ?" ಮಾವ ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದರು. ಅವನೇ ಕಲಾವಿದ.

"ಮನೇಲಿವೆ ಸಾರ್."

"ಮೇಣಿ ಹಿಂದುಮುಂದಾಗೈತೆ. ಇದನ್ನ ಹಿಡ್ಕೊಂಡೋನು ಹಿಂದಿಂದಕ್ಕೇ ನಡೀಬೇಕಾಯ್ತದೆ."

"ಅದೇ ಸಾರ್ ಕಾನ್ಸೆಪ್ಟು," ಅಂದ ಹುಡುಗ. ಒಂದು ಕ್ಷಣ ಬಿಟ್ಟು, ಆಚೀಚೆ ನೋಡಿ, "ನಿಜವಾಗ್ಲೂ ಹೇಗಿರಬೇಕು?" ಅಂತ ಮೆಲ್ಲಗೆ ಕೇಳಿದ.

ಅಷ್ಟು ಸಾಕಾಯಿತು. ಮಾವ ಪಂಚೆ ಎತ್ತಿ ಕಟ್ಟಿ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತರು. ಮೇಣಿ ಕಿತ್ತು ತಿರುಗಿಸಿ ಸಿಕ್ಕಿಸಿದರು. ನೊಗ ಕಟ್ಟುವ ಹಗ್ಗವಾದ ಮಿಣಿಯ ಒಂದು ತುದಿಯನ್ನು ಕಾಲ್ಬೆರಳಿನ ಸಂದಿಗೆ ಸಿಕ್ಕಿಸಿ, ಇನ್ನೊಂದನ್ನು ಎಳೆದು ಗಂಟು ಹಾಕತೊಡಗಿದರು. ಭಾಷಣದಿಂದ ಬೇಸತ್ತ ಜನ ಒಬ್ಬೊಬ್ಬರೇ ಇತ್ತ ತಿರುಗಿದರು. ಮೊಬೈಲುಗಳು ಮೇಲೆದ್ದವು. "ಪರ್ಫಾರ್ಮೆನ್ಸ್ ಇದೆ ಅಂತ ಕಾರ್ಡಿನಲ್ಲಿ ಹಾಕೇ ಇರ್ಲಿಲ್ಲ," ಅಂತ ಯಾರೋ ಪಿಸುಗುಟ್ಟಿದರು. ಗಡ್ಡದವರೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕಣ್ಣು ಮುಚ್ಚಿ ನೋಡುವುದು ಹೇಗೆ ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಗಂಟು ಬಿಗಿದು ಮಾವ "ಹೂಂ" ಅಂದರು. ಚಪ್ಪಾಳೆಯೋ ಚಪ್ಪಾಳೆ. ಬಾರದೆ ಹೋದ ಅತಿಥಿಯೊಬ್ಬರ ಶಾಲು, ಹಾರ, ಮೈಸೂರು ಪೇಟ ಮೇಜಿನ ಮೇಲೆ ಸುಮ್ನೆ ಬಿದ್ದಿದ್ದವು. ಸಂಘಟಕರು ತಡಮಾಡದೆ ಅವನ್ನು ಮಾವನಿಗೆ ತೊಡಿಸಿದರು. ಮಾವ ಬೇಡ ಅನ್ನಲಿಲ್ಲ. ಮಂಡ್ಯದವರು ಕೊಟ್ಟಿದ್ದನ್ನು ಬೇಡ ಅನ್ನುವುದು ಕಡಿಮೆ.

ಮೂರನೇ ಗ್ಯಾಲರಿ ಆಸೆ ಅಲ್ಲಿಗೆ ಬಿಟ್ಟೆವು. ಹೊರಡುವಾಗ ಬಾಗಿಲ ಬಳಿ ಅಭಿಪ್ರಾಯ ಬರೆಯುವ ಪುಸ್ತಕ. "ಅದ್ಭುತ", "ಸೂಪರ್", "ಕಾಡುವ ಕೃತಿಗಳು" ಅಂತೆಲ್ಲ ಇತ್ತು. ಪೇಟ ಓರೆಯಾಗದಂತೆ ಬಗ್ಗಿ ಮಾವ ದಪ್ಪಕ್ಷರದಲ್ಲಿ ಬರೆದರು: "ಮೇಣಿ ಸರಿ ಮಾಡಿದ್ದೇನೆ. ನೊಗ ಇನ್ನೂ ತಲೆಕೆಳಗಾಗಿದೆ, ಎತ್ತಿನ ಕತ್ತು ಹುಣ್ಣಾಗುತ್ತದೆ. ನಾಳೆ ಬರಲಾಗುವುದಿಲ್ಲ, ಭತ್ತದ ಕೆಲಸ ಇದೆ."