ರಿಸಲ್ಟ್ ಬೋರ್ಡ್ ಪಕ್ಕ ಇನ್ನೊಂದು ಬೋರ್ಡ್

ಸರ್ಕಾರಿ ಹೈಸ್ಕೂಲುಗಳ ಹೆಡ್‌ಮಾಸ್ಟರ್ ರೂಮಿನಲ್ಲಿ ಒಂದು ಬೋರ್ಡ್ ನೋಡಿರುತ್ತೀರಿ. ಇಸವಿ, ಪರೀಕ್ಷೆಗೆ ಕೂತವರು, ಪಾಸಾದವರು, ಶೇಕಡಾವಾರು. ನಮ್ಮ ಶಾಲೆಯಲ್ಲೂ ಇದೆ. ಹದಿನಾಲ್ಕು ವರ್ಷದಿಂದ ನಾನೂ ಆ ಕೊನೇ ಕಾಲಂ ನೋಡಿ ಖುಷಿಪಟ್ಟವಳೇ. ಪಾಸಾದ ಮಕ್ಕಳು ಆಮೇಲೆ ಎಲ್ಲಿಗೆ ಹೋದರು ಅಂತ ಬರೆಯೋಕೆ ಅದರಲ್ಲಿ ಜಾಗವೇ ಇಲ್ಲ.

ಇದು ನನ್ನ ತಲೆಗೆ ಹೋಗಿದ್ದು ಒಬ್ಬ ಹುಡುಗಿಯಿಂದ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 541 ತೆಗೆದಿದ್ದಳು. ಶಾಲು ಹೊದಿಸಿ, ಫೋಟೋ ತೆಗೆಸಿ, ಚಪ್ಪಾಳೆ ತಟ್ಟಿ ಕಳಿಸಿದೆವು. ಸೆಪ್ಟೆಂಬರ್‌ನಲ್ಲಿ ಸಂತೆಯಲ್ಲಿ ಸಿಕ್ಕಳು. ಈರುಳ್ಳಿ ಹೊಲದ ಕೂಲಿ ಮುಗಿಸಿ ಬಂದಿದ್ದಳು, ಉಗುರಿನ ಸಂದಿಯಲ್ಲೆಲ್ಲ ಮಣ್ಣು. "ಯಾವ ಕಾಲೇಜು ಸೇರಿದೆಯಮ್ಮಾ?" ಅಂದೆ. "ಸೇರಲಿಲ್ಲ ಮಿಸ್, ಡೇಟ್ ಮುಗಿದಿತ್ತಂತೆ" ಅಂದಳು. ಕಾಲೇಜು ಅಂದರೆ ಐವತ್ತು ಸಾವಿರ ಬೇಕು ಅಂತ ಯಾರೋ ಅವರಪ್ಪನಿಗೆ ಹೇಳಿದ್ದರು. ಸರ್ಕಾರಿ ಪಿಯು ಕಾಲೇಜಿನ ಫೀಸು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಆ ಮಾತನ್ನ ನಾವ್ಯಾರೂ ಅವರ ಮನೆಗೆ ಹೋಗಿ ಹೇಳಿರಲಿಲ್ಲ.

ನನ್ನ ಮಗನನ್ನ ಯಾರೂ "ಕಾಲೇಜಿಗೆ ಹೋಗ್ತೀಯಾ?" ಅಂತ ಕೇಳಲಿಲ್ಲ. "ಯಾವ ಕಾಲೇಜು?" ಅಂತಲೇ ಕೇಳಿದರು. ಮೇಷ್ಟ್ರ ಮನೆ, ಆಫೀಸರ್ ಮನೆ ಮಕ್ಕಳಿಗೆ ಈ ಪ್ರಶ್ನೆ ಮನೆಯಲ್ಲೇ ಸಿಗುತ್ತದೆ. ಮನೆಯಲ್ಲಿ ಸಿಗದ ಮಕ್ಕಳಿಗೆ ಶಾಲೆಯೇ ಕೇಳಬೇಕು, ಅಲ್ವಾ? ಅದೂ ಎಂಟನೇ ಕ್ಲಾಸಿನಿಂದ.

ಹಾಗಂತ ಸುಮ್ನೆ "ದೊಡ್ಡ ಕನಸು ಕಾಣಿ" ಅಂತ ಭಾಷಣ ಮಾಡಿದರೆ ಏನೂ ಆಗುವುದಿಲ್ಲ. ಮಕ್ಕಳು ಜಾಸ್ತಿ ಎಡವೋದು ಕಾಗದಪತ್ರದಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ನಿಂತುಬಿಡುತ್ತದೆ, ಸ್ಕಾಲರ್‌ಶಿಪ್ ಬರುವುದಿಲ್ಲ, ಎರಡು ತಿಂಗಳು ಕಾದು ಅಪ್ಪ ಮಗಳನ್ನ ಕಾಲೇಜು ಬಿಡಿಸುತ್ತಾನೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ನಮ್ಮಂಥ ಶಾಲೆಯ ಮಕ್ಕಳಿಗಾಗಿಯೇ ಇರೋದು. ಅದಕ್ಕೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಪಿಯು ಮುಗಿಸಿದ ಮಗು ಕೊನೇ ದಿನ ಅದಕ್ಕಾಗಿ ಓಡಾಡೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹತ್ತನೇ ಕ್ಲಾಸಿನಲ್ಲೇ ಇದನ್ನ ಹೇಳಿ ಕಳಿಸೋಕೆ ನಮಗೇನು ಕಷ್ಟ?

ಎಂಟನೇ ಕ್ಲಾಸಿನ ಎನ್‌ಎಂಎಂಎಸ್ ಪರೀಕ್ಷೆಯನ್ನೇ ತಗೊಳ್ಳಿ, ಬಡ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್‌ನ ಪರೀಕ್ಷೆ ಅದು. ಅದರಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಈ ದುಡ್ಡು ಬರುವ ಮನೆಯಲ್ಲಿ "ಹತ್ತಕ್ಕೇ ಸಾಕು" ಅನ್ನೋ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ಅದನ್ನ ನಾನು ಕಣ್ಣಾರೆ ನೋಡಿದ್ದೇನೆ.

ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಮಕ್ಕಳನ್ನ ಬಸ್ಸಿನಲ್ಲಿ ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿಗೆ ಕರೆದುಕೊಂಡು ಹೋದೆವು. ಪ್ರವಾಸ ಅಂದರೆ ಹಂಪಿ, ಜೋಗ ಅಂದುಕೊಂಡಿದ್ದ ಮಕ್ಕಳಿಗೆ ಮೊದಲು ಬೇಜಾರು. ಒಬ್ಬ ಹುಡುಗ ಲೈಬ್ರರಿಯಲ್ಲಿ ಮೆಲ್ಲಗೆ "ಮಿಸ್, ಇಲ್ಲಿ ಯೂನಿಫಾರ್ಮ್ ಇಲ್ವಾ?" ಅಂದ. ನಾಲ್ಕೈದು ಹುಡುಗಿಯರು ಶೌಚಾಲಯ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಿ, ಒಳಗೆ ನೀರು ಬರುತ್ತಾ, ಚಿಲಕ ಇದೆಯಾ ಅಂತ ನೋಡಿ ಬಂದರು. ಬಂದು ಉಳಿದವರಿಗೂ ವರದಿ ಒಪ್ಪಿಸಿದರು. ನಾನು ಕೋರ್ಸುಗಳ ಪಟ್ಟಿ ತೋರಿಸುತ್ತಿದ್ದೆ. ಅವರಿಗೆ ಬೇಕಾಗಿದ್ದು ಚಿಲಕ, ಮತ್ತೆ ಸಂಜೆ ಬಸ್ ಎಷ್ಟು ಗಂಟೆಗೆ ಅನ್ನೋದು.

ಇನ್ನೊಂದು ಹೇಳಲೇಬೇಕು. ಕನ್ನಡದಲ್ಲಿ ಓದಿದ ಮಗು ಪಿಯುನಲ್ಲಿ ಸೈನ್ಸ್ ತಗೊಂಡರೆ, ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಮೊದಲ ತಿಂಗಳಲ್ಲೇ ಮೂಕವಾಗಿಬಿಡುತ್ತದೆ. ದ್ಯುತಿಸಂಶ್ಲೇಷಣೆಯನ್ನ ನಿದ್ದೆಯಲ್ಲಿ ಕೇಳಿದರೂ ಹೇಳುವ ಹುಡುಗಿ ಫೋಟೋಸಿಂಥಸಿಸ್ ಅಂದ ಕೂಡಲೇ ತಲೆ ತಗ್ಗಿಸುತ್ತಾಳೆ. ತನಗೆ ಬುದ್ಧಿ ಕಮ್ಮಿ ಅಂದುಕೊಳ್ಳುತ್ತಾಳೆ. ಈಗ ಹತ್ತನೇ ಕ್ಲಾಸಿನಲ್ಲಿ ಎರಡೂ ಹೆಸರನ್ನ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯುತ್ತೇನೆ. ಇದಕ್ಕೆ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ.

ಕಾಲೇಜು ಅಂದರೆ ಡಾಕ್ಟರ್, ಎಂಜಿನಿಯರ್ ಅಷ್ಟೇ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿ, ಅಲ್ಲಿಂದ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವ ದಾರಿಯೂ ಇದೆ. ಐಟಿಐ ಇದೆ. ಮಕ್ಕಳಿಗೆ ಗೊತ್ತಿರಬೇಕು ಅಷ್ಟೇ.

2021-22ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ, ಅಂದರೆ ಕಾಲೇಜು ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಕಾಲೇಜಿನಲ್ಲಿ ಓದುತ್ತಿರುವವರು, ಕರ್ನಾಟಕದ್ದು ಶೇ. 36.2, ತಮಿಳುನಾಡಿನದ್ದು ಶೇ. 47. ಅಷ್ಟು ಮುಂದಿದ್ದೂ ಅವರು ಸುಮ್ಮನೆ ಕೂರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರುವ ಹೆಣ್ಣುಮಕ್ಕಳಿಗೆ 2022ರಿಂದ ತಿಂಗಳಿಗೆ ಸಾವಿರ ರೂಪಾಯಿ ಕೊಡುತ್ತಿದ್ದಾರೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆ, ಅದರ ಉಪಯೋಗ ದಿನಾ ಕಾಣುತ್ತಿದ್ದೇನೆ. ಆದರೆ ಆ ಬಸ್ಸು ಹತ್ತಿಸುವ ಕೆಲಸ ಶಾಲೆಯದ್ದೇ.

ಈರುಳ್ಳಿ ಹೊಲದ ಹುಡುಗಿ ಒಂದು ವರ್ಷ ತಡವಾಗಿ ಪಿಯು ಸೇರಿದಳು. ಅರ್ಜಿ ತುಂಬಿಸೋಕೆ ನಾನೂ ಜೊತೆಗೆ ಹೋಗಿದ್ದೆ. ಈಗ ಬಿಕಾಂ ಓದುತ್ತಿದ್ದಾಳೆ. ಈ ವರ್ಷ ರಿಸಲ್ಟ್ ಬೋರ್ಡ್ ಪಕ್ಕ ಇನ್ನೊಂದು ಬೋರ್ಡ್ ನೇತು ಹಾಕಿದ್ದೇವೆ. ಯಾರು ಎಲ್ಲಿ ಸೇರಿದರು, ಮುಂದಿನ ವರ್ಷವೂ ಅಲ್ಲೇ ಇದ್ದಾರಾ, ಅಷ್ಟೇ ಕಾಲಂ. ಕೆಲವು ಹೆಸರಿನ ಮುಂದೆ ಇನ್ನೂ ಖಾಲಿ ಇದೆ. ಆ ಮನೆಗಳಿಗೆ ಹೋಗಿ ಬರಬೇಕು.

ಇದನ್ನ ಓದುತ್ತಿರುವವರಲ್ಲಿ ಸರ್ಕಾರಿ ಶಾಲೆಯಿಂದ ಕಾಲೇಜಿಗೆ ಹೋದವರು ಇದ್ದರೆ, ಒಂದು ಶನಿವಾರ ನಿಮ್ಮ ಶಾಲೆಗೆ ಹೋಗಿ ಅರ್ಧ ಗಂಟೆ ಮಕ್ಕಳ ಜೊತೆ ಕೂತು ಬನ್ನಿ. ಭಾಷಣ ಬೇಡ. ಹಾಸ್ಟೆಲ್ ಊಟ ಹೇಗಿರುತ್ತೆ, ಬಸ್ ಎಷ್ಟೊತ್ತಿಗೆ, ಮೊದಲ ದಿನ ಎಷ್ಟು ಹೆದರಿದ್ರಿ, ಅದನ್ನ ಹೇಳಿ.